ಚಾದರದ ಆಚೆ ತುದಿ

ಮೂರನೇ ಸಲವೂ ಡ್ರೈವರಿಗೆ ಹೆಂಡತಿ ಸಿಗಲಿಲ್ಲ.

ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಮಗಳ ಫೋನಿನ ಇಯರ್‌ಫೋನನ್ನು ಎರಡೂ ಕಿವಿಗೆ ತುರುಕಿಕೊಂಡು, ಹಾಡನ್ನು ಬೆರಳಿನಿಂದ ಮತ್ತೆ ಮುಂದಕ್ಕೆ ತಳ್ಳಿದರು. ಮೊದಲ ಭಾಗ ಅವರಿಗೆ ಬೇಕಿರಲಿಲ್ಲ. ಅಲ್ಲಿ ಗಿಟಾರುಗಳು ಗುಡುಗುತ್ತವೆ, ಡ್ರಮ್ಮಿನವನು ಯಾರ ಮೇಲಿನ ಸಿಟ್ಟನ್ನೋ ತೀರಿಸಿಕೊಳ್ಳುತ್ತಾನೆ, ಆ ಗದ್ದಲದ ಮೇಲೆ ಒಬ್ಬ ಹುಡುಗಿ ಆಪೆರಾದವರ ಗಂಟಲಿನಲ್ಲಿ ಮಹಡಿಯಿಂದ ಮಹಡಿಗೆ ಏರುತ್ತ ಹೋಗುತ್ತಾಳೆ. ಅದೆಲ್ಲ ದಾಟಿದ ಮೇಲೆ ಹೆಂಗಸರ ಮೇಳ ಬರುತ್ತದೆ. ಜನರಿಲ್ಲದ ಸ್ಟಾಪುಗಳನ್ನು ಬಿಟ್ಟು ಬಸ್ಸು ಓಡಿಸಿದಂತೆ ಅವರು ಸೀದಾ ಅಲ್ಲಿಗೇ ಬಂದು ನಿಂತರು. ಆ ಮೇಳದಲ್ಲಿ ಅವಳಿದ್ದಾಳೆ. ಹಾಗಂತ ಅವಳೇ ಎಷ್ಟೋ ಸಲ ಹೇಳಿದ್ದಳು.

ಅವಳು ಈಗ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಮಧ್ಯಾಹ್ನಕ್ಕೆ ಅವಳನ್ನು ಒಯ್ಯಲು ವ್ಯಾನು ಬರುವುದಿತ್ತು.

"ಅಪ್ಪ, ಹೊರಗೆ ಬಾ. ಜನ ಬರ್ತಿದಾರೆ, ನೀನೆಲ್ಲಿ ಅಂತ ಕೇಳ್ತಿದಾರೆ," ಮಗಳು ಬಾಗಿಲಲ್ಲಿ ನಿಂತು ಹೇಳಿದಳು. ಅತ್ತೂ ಅತ್ತೂ ಅವಳ ಮೂಗು ಕೆಂಪಾಗಿತ್ತು.

"ನಿಮ್ಮಮ್ಮ ಎಲ್ಲಿ ಅಂತ ನೀನು ಹೇಳು, ಬರ್ತೀನಿ."

"ಅಪ್ಪಾ..."

"ತಲೆ ಕೆಟ್ಟಿಲ್ಲ ಕಣೇ ನಂಗೆ. ಈ ಹಾಡಲ್ಲಿ ಎಲ್ಲಿ ಅಂತ ಕೇಳ್ದೆ. ಎಲ್ಲಾ ದನೀನೂ ಒಂದೇ ಥರ ಇದೆ, ಯಾವ್ದು ಅಂತ ಹಿಡೀಲಿ?"

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೂ ಯಾವತ್ತೂ ಸಿಕ್ಕಿಲ್ಲಪ್ಪ. ಕೇಳಿದ್ರೆ ನಗ್ತಿದ್ಲು. ಇದೀನಿ, ಹುಡುಕು ಅಂತಿದ್ಲು."

ಅವರು ಮತ್ತೆ ಗೋಡೆಗೆ ತಿರುಗಿದರು. ಅವರಿಗೆ ಹತ್ತಿದ್ದ ಭಯ ಮಗಳಿಗೆ ಹೇಳುವಂಥದ್ದಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವಳ ಬಾಯಿಗೆ ಕೊಳವೆ ಹಾಕಿದ್ದರು. ಇದ್ದ ಮಾತೆಲ್ಲ ಕಣ್ಣಲ್ಲೇ. ನಿನ್ನೆ ಅದೂ ನಿಂತಿತು. ಬೆಳಿಗ್ಗೆ ಎದ್ದು, ಅವಳು ಕಡೆಯದಾಗಿ ಏನು ಅಂದಿದ್ದಳು ಎಂದು ನೆನೆಸಿಕೊಂಡರೆ ಮಾತು ನೆನಪಿಗೆ ಬಂತು: "ಕೊಡೆ ತಗೊಂಡ್ರಾ?" ದನಿ ಮಾತ್ರ ಬರಲಿಲ್ಲ. ಎಷ್ಟು ಸಲ ನೆನೆಸಿಕೊಂಡರೂ ಆ ಮಾತು ಅವರದೇ ಗೊಗ್ಗರು ದನಿಯಲ್ಲಿ ಕೇಳಿಸುತ್ತಿತ್ತು. ಮನೆ ತುಂಬ ಅವಳ ಫೋಟೋ ಇವೆ. ವಿಡಿಯೋ ಮಾಡಲು ಹೋದರೆ ಮಾತ್ರ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡುತ್ತಿದ್ದಳು. ಅವಳ ದನಿ ಉಳಿದಿರುವುದೇ ಆದರೆ ಈ ದರಿದ್ರ ಹಾಡಿನಲ್ಲಿ. ವ್ಯಾನು ಬರುವುದರೊಳಗೆ ಅದೊಂದು ಸಿಕ್ಕಿಬಿಟ್ಟರೆ ಸಾಕು ಎಂದು ಅವರು ಬೇಡಿಕೊಳ್ಳುತ್ತಿದ್ದರು.

*

ಅವಳು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕಿ. ದಿನವಿಡೀ ಚಾದರ ಮಡಿಚಿ ಬಂದವಳು, ರಜೆಯ ದಿನ ಮನೆಯ ಚಾದರಗಳನ್ನೂ ಒಗೆದು ತಾರಸಿಯಲ್ಲಿ ಹಾಕುತ್ತಿದ್ದಳು. ಒಣಗಿದ ಮೇಲೆ ಮಡಿಚಲು ಗಂಡನೇ ಆಗಬೇಕು. ಅವಳು ಒಂದು ತುದಿ, ಇವರು ಒಂದು ತುದಿ. ಗದ್ದ ಮೇಲೆತ್ತಿ, ಮೂಗಿನಿಂದ ಉದ್ದಕ್ಕೆ ಒಂದು ಉಸಿರೆಳೆದುಕೊಂಡು ಅವಳು ಚಾದರವನ್ನು ಒದರುತ್ತಿದ್ದಳು. ಲಾಂಡ್ರಿಯ ಅಭ್ಯಾಸ, ಯಂತ್ರಗಳ ಸದ್ದಿನಲ್ಲಿ ಒಂದು, ಎರಡು ಎಂದು ಕೂಗಿದರೆ ಯಾರಿಗೆ ಕೇಳಬೇಕು? ಎದುರಿನವಳು ಇವಳ ಎದೆ ಏರುವುದನ್ನು ನೋಡಿಯೇ ಕೈ ಎತ್ತಬೇಕು. ಡ್ರೈವರು ಮಾತ್ರ ಪ್ರತಿ ಸಲವೂ ತಡ. ಎಲ್ಲೋ ನೋಡುತ್ತ ನಿಂತಿರುತ್ತಿದ್ದರು. ಅವಳ ಮೂಗಿನ ಸಣ್ಣ ಸಿಳ್ಳೆ ಕಿವಿಗೆ ಬಿದ್ದ ಮೇಲೆ, "ಬಂದೆ, ಬಂದೆ," ಎಂದು ಕೈ ಎತ್ತುವಷ್ಟರಲ್ಲಿ ಚಾದರ ಒಂದು ಕಡೆ ಹಾರಿ ಒಂದು ಕಡೆ ಜೋತುಬಿದ್ದಿರುತ್ತಿತ್ತು.

"ಊರಿಗೆಲ್ಲ ಟೈಮಿಗೆ ಸರಿಯಾಗಿ ಬಸ್ ತರ್ತೀರಿ. ಹೆಂಡ್ತಿಗೆ ಮಾತ್ರ ಲೇಟು," ಅವಳು ನಗುತ್ತಿದ್ದಳು.

ಬ್ಯಾಂಡಿನ ಸುದ್ದಿಯನ್ನು ಅವಳು ಮೊದಲು ಹೇಳಿದ್ದೂ ಹಾಗೆ ಚಾದರ ಹಿಡಿದುಕೊಂಡೇ. ಲಾಂಡ್ರಿಯ ಹಿಂದಿನ ಉಗ್ರಾಣವನ್ನು ಮಾಲೀಕರು ನಾಲ್ಕು ಜನ ಹುಡುಗರಿಗೆ ಅಭ್ಯಾಸಕ್ಕೆಂದು ಬಿಟ್ಟುಕೊಟ್ಟಿದ್ದರು. ಬೀಗದಕೈ ಇವಳ ಹತ್ತಿರ. ಅವರ ಬಡಿತ ಮುಗಿಯುವ ತನಕ ಇವಳಿಗೆ ಬಿಡುಗಡೆ ಇಲ್ಲ. ಮೂವರು ಗಂಡು ಹುಡುಗರು ಗಿಟಾರು, ಡ್ರಮ್ಮು, ಕೀಬೋರ್ಡು. ನಾಲ್ಕನೆಯವಳು ಸಂಗೀತ ಕಾಲೇಜಿನಲ್ಲಿ ಆಪೆರಾ ಕಲಿಯುತ್ತಿದ್ದ ಹುಡುಗಿ, ಕಡ್ಡಿಯಂತಿದ್ದಳು.

"ಕಬ್ಬಿಣದ ಅಂಗಡಿಗೆ ಕೋಗಿಲೆ ನುಗ್ಗಿದ ಹಾಗಿದೆ ಕಣ್ರೀ. ಮೊದ್ಲು ಓಡಿಹೋಗೋಣ ಅನ್ಸ್ತು. ಆಮೇಲೆ ಆ ಹುಡುಗಿ ಬಾಯಿ ತೆಗೆದ್ಲು ನೋಡಿ, ಬಟ್ಟೆ ಬುಟ್ಟಿ ಮೇಲೆ ಹಾಗೇ ಕೂತ್ಬಿಟ್ಟೆ."

"ನಾನು ದಿನಾ ಇರೋದೇ ಕಬ್ಬಿಣದಂಗಡಿಲಿ. ಮನೇಲಿ ನಂಗೆ ಕೋಗಿಲೇನೂ ಬೇಡ, ಕಾಗೇನೂ ಬೇಡ."

ಅವಳು ಮನೆಯಿಂದ ಬ್ರೆಡ್ಡು, ಹಣ್ಣು ಒಯ್ದು ಆ ಹುಡುಗರಿಗೆ ಕೊಟ್ಟಳು. ಹುಡುಗಿಯ ಮೊದಲ ವೇದಿಕೆಗೆ ಹೋಟೆಲಿನವರು ಬೇಡವೆಂದ ಪರದೆಯಿಂದ ಉದ್ದ ಲಂಗ ಹೊಲಿದಳು. ಧ್ವನಿಮುದ್ರಣಕ್ಕೆ ಮೇಳ ಬೇಕು, ಕರೆಸಲು ಗತಿಯಿಲ್ಲ ಎಂದು ಅವರು ಕೈಚೆಲ್ಲಿ ಕೂತಾಗ, ಲಾಂಡ್ರಿಯ ಹೆಂಗಸರನ್ನೇ ಕಟ್ಟಿಕೊಂಡು ಹೊರಟಳು. ಆ ಹಾಡು ಎಲ್ಲಿ ಹತ್ತಿಕೊಂಡಿತೋ, ಹೇಗೆ ಹತ್ತಿಕೊಂಡಿತೋ. ಬೀದಿ ಕೊನೆಯ ಬಾರಿನಲ್ಲಿ ನುಡಿಸುತ್ತಿದ್ದವರು ಸಭಾಂಗಣಕ್ಕೆ ಹೋದರು, ಸಭಾಂಗಣದಿಂದ ಕ್ರೀಡಾಂಗಣಕ್ಕೆ ಹೋದರು, ಆಮೇಲೆ ವಿಮಾನ ಹತ್ತಿದರು. ಕೀಬೋರ್ಡಿನ ಸುಳ್ಳು ಪಿಟೀಲುಗಳ ಜಾಗದಲ್ಲಿ ಕರಿ ಕೋಟಿನ ವಾದ್ಯವೃಂದವೇ ಬಂದು ಕೂತಿತು. ಹುಡುಗಿ ರಾಣಿಯ ಹಾಗೆ ಉಡುಪು ನೆಲಕ್ಕೆ ಎಳೆದುಕೊಂಡು ಬೆಂಕಿಯ ಮಧ್ಯೆ ನಿಂತು ಹಾಡುವ ಪೋಸ್ಟರು ಡ್ರೈವರ ಬಸ್ಸಿನ ಬೆನ್ನಿಗೇ ಅಂಟಿತು. ಪ್ರತಿ ಹೊಸ ರೆಕಾರ್ಡೂ ಅಂಚೆಯಲ್ಲಿ ಮನೆಗೆ ಬಂತು.

"ಮೊದಲ್ನೇ ಹಾಡನ್ನ ಒಂದ್ಸಲ ಪೂರ್ತಿ ಕೇಳ್ರೀ. ನಾನಿದೀನಿ ಅದ್ರಲ್ಲಿ."

"ನೀನು ಇಲ್ಲೇ ಕಣ್ಮುಂದೆ ಇದೀಯಲ್ಲ. ಅದ್ರಲ್ಲಿ ಬೇರೆ ಯಾಕೆ ಹುಡುಕ್ಲಿ?"

ಅದನ್ನು ಅವರು ಒಳ್ಳೆಯ ತಮಾಷೆ ಎಂದುಕೊಂಡಿದ್ದರು. ಬಂದ ನೆಂಟರ ಮುಂದೆ ಅದನ್ನೇ ಮತ್ತೆ ಮತ್ತೆ ಹೇಳಿ ನಗಿಸುತ್ತಿದ್ದರು. ಅವಳೂ ನಗುತ್ತಿದ್ದಳು.

*

ಮುಂದಿನ ಕೋಣೆಯಲ್ಲಿ ಪಿಸುಗುಟ್ಟುವಿಕೆ ಇದ್ದಕ್ಕಿದ್ದಂತೆ ನಿಂತಿತು. ಡ್ರೈವರು ಇಯರ್‌ಫೋನು ಕಿತ್ತು ಹೊರಗೆ ಬಂದರು.

ಬಾಗಿಲಲ್ಲಿ ಗಾಯಕಿ ಚಪ್ಪಲಿ ಬಿಡುತ್ತಿದ್ದಳು. ಪೋಸ್ಟರಿನ ರಾಣಿಯಲ್ಲ, ಅರ್ಧ ತಲೆ ನರೆತ, ಕಣ್ಣಿನ ಸುತ್ತ ಕಪ್ಪಾದ ಹೆಂಗಸು. ಪಕ್ಕದ ಮನೆಯವನ ಕೈ ಅವನಿಗೇ ತಿಳಿಯದಂತೆ ಫೋನಿನತ್ತ ಹೋಯಿತು. ಗಂಜಿಯಕ್ಕ ಅವನತ್ತ ಒಂದು ನೋಟ ಬೀರಿದಳು, ಕೈ ಜೇಬಿಗೆ ಮರಳಿತು. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುವ ಕೆಲಸ ಮಾಡಿ ಆ ಹೆಸರು ಪಡೆದವಳು ಅವಳು. ಮಾತೂ ಹಾಗೆಯೇ ಖಡಕ್ಕು. ಸತ್ತವಳ ಎದುರು ತುದಿಯಲ್ಲಿ ಚಾದರ ಹಿಡಿದೇ ಅವಳ ಆಯುಷ್ಯ ಕಳೆದಿತ್ತು.

ಗಾಯಕಿ ಸತ್ತವಳ ಪಾದದ ಹತ್ತಿರ ನೆಲದ ಮೇಲೆ ಕೂತಳು. "ಅಕ್ಕ," ಅಂದಳು. ಎಂಥೆಂಥ ಕ್ರೀಡಾಂಗಣಗಳನ್ನು ತುಂಬಿದ ದನಿ ಆ ಕೋಣೆಯ ಗೋಡೆಯನ್ನೂ ಮುಟ್ಟಲಿಲ್ಲ.

ಅವಳು ಅತ್ತು ಮುಗಿಸಲಿ ಎಂದು ಕಾಯುವ ತಾಳ್ಮೆ ಡ್ರೈವರಿಗೆ ಇರಲಿಲ್ಲ. "ನೋಡಮ್ಮ, ನೀನು ಬಂದಿದ್ದು ದೇವರು ಬಂದ ಹಾಗಾಯ್ತು. ಆ ಮೇಳದಲ್ಲಿ ಇವಳ ದನಿ ಎಲ್ಲಿ ಬರುತ್ತೆ? ಅಷ್ಟು ತೋರಿಸ್ಬಿಡು. ವ್ಯಾನ್ ಬರೋ ಹೊತ್ತಾಯ್ತು."

ಗಾಯಕಿ ಗಂಜಿಯಕ್ಕನ ಮುಖ ನೋಡಿದಳು.

"ಹೇಳ್ಬಿಡೇ," ಗಂಜಿಯಕ್ಕ ಅಂದಳು. "ಇನ್ಯಾರಿಗೋಸ್ಕರ ಮುಚ್ಚಿಡೋದು?"

"ಭಾವ, ಅಕ್ಕನ ದನಿ ಅದ್ರಲ್ಲಿ ಇಲ್ಲ."

"ಇಲ್ಲ ಅಂದ್ರೆ? ಹಾಡಿದ್ಲಲ್ಲ, ಸ್ಟುಡಿಯೋಗೆ ಹೋಗಿದ್ಲಲ್ಲ."

"ಹೋಗಿದ್ಲು, ಹಾಡಿದ್ಲು," ಗಂಜಿಯಕ್ಕ ನಡುವೆ ಬಾಯಿ ಹಾಕಿದಳು. "ಅವಳ ಸ್ವರ ನಿಮಗೆ ಗೊತ್ತಿಲ್ವಾ ಡ್ರೈವರ್ರೇ? ನಾವೆಲ್ಲ ಒಂದು ದಾರಿ, ಇವಳೊಂದು ದಾರಿ. ಆಮೇಲೆ ಎಲ್ರೂ ಕೂತು ಕೇಳಿದ್ವಿ. ಇವಳೇ ಎದ್ದು, ನಂದು ತೆಗೆದ್ಬಿಡಿ, ಹುಡುಗರ ಹಾಡು ಕೆಡ್ತಿದೆ ಅಂದ್ಲು. ಬೇಡ ಅಂದ್ರೂ ಕೇಳ್ಲಿಲ್ಲ. ನಿಂತು ತೆಗೆಸಿದ್ಲು."

"ಮತ್ತೆ ನಂಗೆ ಯಾಕೆ ಹಾಗೆ ಹೇಳ್ತಿದ್ಲು? ಇದೀನಿ, ಇದೀನಿ ಅಂತ..."

ಗಾಯಕಿ ತಲೆ ತಗ್ಗಿಸಿದಳು. "ನಾನೂ ಕೇಳಿದ್ದೆ ಭಾವ. ಇದೆ ಅಂದ್ರೆ ಅವ್ರು ಒಂದಲ್ಲ ಒಂದಿನ ನನ್ ಜೊತೆ ಕೂತು ಕೇಳ್ತಾರೆ, ಅವತ್ತು ನಾನೇ ಹೇಳ್ತೀನಿ, ನೀವು ಯಾರೂ ಹೇಳ್ಬೇಡಿ ಅಂದಿದ್ಲು."

ಡ್ರೈವರು ದಿನವೂ ಬಸ್ಸಿನ ಬೆನ್ನಿಗೆ ಆ ಪೋಸ್ಟರು ಹೊತ್ತು ತಿರುಗಿದ್ದರು. ಊಟವಾದ ಮೇಲೆ ಒಂದು ಹಾಡಿನಷ್ಟು ಹೊತ್ತು ಅವಳ ಪಕ್ಕದಲ್ಲಿ ಕೂರಲು ಆಗಿರಲಿಲ್ಲ. ಅವಳು ಕಾದಳು, ಕಾದಳು. ಕಡೆಗೆ ಬಾಯಿಗೆ ಕೊಳವೆ ಬಂತು. ಅವರು ಅಲ್ಲೇ ಕುರ್ಚಿಯ ಮೇಲೆ ಕೂತರು.

"ಹಾಗಾದ್ರೆ ಏನೂ ಉಳೀಲಿಲ್ಲ," ಅಂದರು.

"ನೀವು ಹಾಡನ್ನ ಎಲ್ಲಿಂದ ಕೇಳಿದ್ರಿ?" ಗಾಯಕಿ ಕೇಳಿದಳು.

"ಮೇಳ ಬರೋ ಕಡೆಯಿಂದ."

"ಮೊದಲಿಂದ ಕೇಳಿ ಭಾವ. ಯಾವುದನ್ನೂ ಬಿಡಬೇಡಿ." ಅವಳೇ ಇಯರ್‌ಫೋನನ್ನು ಅವರ ಕಿವಿಗಿಟ್ಟಳು.

ಅವರು ಕೇಳಿದರು. ಗಿಟಾರುಗಳು ಗುಡುಗಿದವು, ಗುಡುಗಲಿ ಎಂದು ಬಿಟ್ಟರು. ಹುಡುಗಿಯ ದನಿ ಏರಿತು. ಪಿಟೀಲುಗಳ ಹಾಗೆ ನಟಿಸುವ ಕೀಬೋರ್ಡು ಅವಳ ಹಿಂದೆ ಹಿಂದೆ ಓಡಿತು. ಬೆವರಿಳಿಯುವ ಯಂತ್ರಗಳ ನಡುವೆ, ಬಟ್ಟೆಬುಟ್ಟಿಯ ಮೇಲೆ ಕೂತ ತನ್ನ ಹೆಂಡತಿಯನ್ನು ಅವರು ಮೊದಲ ಬಾರಿಗೆ ಕಂಡರು. ಸದ್ದು ಏರಿ ಏರಿ, ಇನ್ನು ಮನೆಯೇ ಬಿದ್ದೀತು ಅನ್ನುವಾಗ ಎಲ್ಲವೂ ಒಮ್ಮೆಗೇ ನಿಂತುಬಿಟ್ಟಿತು. ಫೋನು ಕೆಟ್ಟಿತೇನೋ ಎಂದು ಅವರು ಕಣ್ಣು ತೆರೆದರು.

ಆ ನಿಶ್ಶಬ್ದದಲ್ಲಿ ಒಬ್ಬರು ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು. ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ.

"ಬಂದೆ, ಬಂದೆ," ಡ್ರೈವರು ಎದ್ದುನಿಂತರು.

ಕೋಣೆಯಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಅವರು ತಾರಸಿಯ ಮೆಟ್ಟಿಲಿನ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರು. ಕಿವಿಯಲ್ಲಿ ಮೇಳ ಹಾಡುತ್ತಿತ್ತು, ಅವರಿಗೆ ಕೇಳಲಿಲ್ಲ. ಮಗಳು ಓಡಿಬಂದು ಹಿಡಿದುಕೊಂಡಳು. ಆಸ್ಪತ್ರೆಯಲ್ಲೂ ಅಳದಿದ್ದ ಮನುಷ್ಯ ಮಗಳ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅತ್ತ ಮೇಲೆ, ಯಾರೂ ಕೇಳದಿದ್ದರೂ, "ಕೊಡೆ ತಗೊಂಡ್ರಾ ಅಂದ್ಲು," ಎಂದರು. "ಈಗ ಸರಿಯಾಗಿ ಕೇಳಿಸ್ತು. ಅವಳ ದನೀಲೇ."

ಗಾಯಕಿ ಅವರಿಗೆ ನೀರು ಕೊಟ್ಟಳು. "ಮೇಳದವರು ಒಟ್ಟಿಗೆ ಶುರು ಮಾಡೋಕೇ ಆಗ್ತಿರ್ಲಿಲ್ಲ. ಒಬ್ರು ಮುಂದೆ, ಒಬ್ರು ಹಿಂದೆ. ನಮಗೂ ಸಾಕಾಗಿತ್ತು, ಅವ್ರಿಗೂ ಸಾಕಾಗಿತ್ತು. ಆಗ ಅಕ್ಕ ಮೈಕ್ ಇದೆ ಅನ್ನೋದನ್ನೇ ಮರೆತು..."

"ಗದ್ದ ಎತ್ತಿದ್ಲು," ಗಂಜಿಯಕ್ಕ ಅಂದಳು. "ನಮ್ಮ ಕೈಯೂ ಮೇಲೆ ಹೋಯ್ತು, ದನಿಯೂ ಮೇಲೆ ಹೋಯ್ತು. ಚಾದರ ಒದರ್ತಿದೀವಿ ಅಂದ್ಕೊಂಡ್ವೋ ಏನೋ!" ಅವಳು ನಗಲು ಹೋಗಿ ಬಾಯಿ ಮುಚ್ಚಿಕೊಂಡಳು.

"ದನಿ ತೆಗೆದ ಮೇಲೂ ಆ ಉಸಿರೊಂದನ್ನ ನಾನು ತೆಗೆಯೋಕೆ ಬಿಡ್ಲಿಲ್ಲ. ಈಗ ನಾವು ಎಲ್ಲಿ ಹಾಡಿದ್ರೂ ಆ ಜಾಗದಲ್ಲಿ ವಾದ್ಯ ಎಲ್ಲಾ ನಿಲ್ಲುತ್ತೆ ಭಾವ. ಕತ್ತಲೇಲಿ ನಿಂತಿರೋ ಅಷ್ಟೂ ಜನ ಒಟ್ಟಿಗೆ ಉಸಿರು ತಗೋತಾರೆ. ಯಾರದ್ದು ಅಂತ ಅವ್ರಿಗೆ ಗೊತ್ತಿಲ್ಲ."

ಡ್ರೈವರು ನೀರಿನ ಲೋಟ ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡುತ್ತ ಕೂತರು. "ಕಳ್ಳಿ," ಎಂದು ಮೆಲ್ಲಗೆ ಅಂದರು.

ಹೊರಗೆ ವ್ಯಾನು ಬಂದು ನಿಂತಿತು. ಗಂಜಿಯಕ್ಕ ಚೀಲದಿಂದ ಬಿಳಿ ಚಾದರವೊಂದನ್ನು ತೆಗೆದಳು. ಬೆಳಿಗ್ಗೆ ಲಾಂಡ್ರಿಯ ಹೆಂಗಸರೆಲ್ಲ ಸೇರಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದು. ಮಡಿಕೆ ಬಿಚ್ಚಿ ಅವಳು ಪಾದದ ಕಡೆಗೆ ನಿಂತಳು. ತಲೆಯ ಕಡೆಯ ತುದಿ ಹಿಡಿಯಲು ಪಕ್ಕದ ಮನೆಯವನು ಮುಂದೆ ಬಂದ.

"ನೀವು ಬಿಡಿ," ಡ್ರೈವರು ಅಂದರು.

ಅವರು ಎರಡೂ ಮೂಲೆಗಳನ್ನು ಹೆಬ್ಬೆರಳು ಒಳಗೆ ಬರುವಂತೆ ಹಿಡಿದರು. ಎದುರಿಗೆ ಗಂಜಿಯಕ್ಕ ಕಾದಳು. ಅವಳ ಕಣ್ಣು ಅಭ್ಯಾಸದಿಂದ ಎದುರಿನವರ ಎದೆಯ ಮೇಲಿತ್ತು. ಸನ್ನೆ ಕೊಡಬೇಕಾದವಳು ಕೆಳಗೆ ಮಲಗಿದ್ದಳು.

ಡ್ರೈವರು ಗದ್ದ ಮೇಲೆತ್ತಿದರು. ಎಲ್ಲರಿಗೂ ಕೇಳುವಂತೆ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು. ಚಾದರ ಎರಡೂ ತುದಿಯಿಂದ ಒಟ್ಟಿಗೇ ಎದ್ದು, ಗಾಳಿ ತುಂಬಿಕೊಂಡು, ಅವಳ ಮೇಲೆ ಒಂದು ಗಳಿಗೆ ಹಾಗೇ ನಿಂತಿತು.