ಇಸ್ತ್ರಿ ಹೊತ್ತಿನ ಜಗಲಿ

ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಂಡಿಯೂರಿ, ಹಳೆ ಕಂಪ್ಯೂಟರಿನ ಫ್ಯಾನಿನ ಜಾಲರಿಗೆ ಸುತ್ತಿಕೊಂಡಿದ್ದ ನೂಲೆಳೆಗಳನ್ನು ಗುಮ್ಮಿ ಹಲ್ಲುಜ್ಜುವ ಬ್ರಶ್ಶಿನಿಂದ ಬಿಡಿಸುತ್ತಿದ್ದಳು. ಚಿಕ್ಕಮ್ಮ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು.

ಗುಮ್ಮನಗುಸಕಿ ಎಂದು ಶುರುವಾದ ಅಡ್ಡಹೆಸರು ಸವೆದು ಗುಮ್ಮಿಯಾಗಿತ್ತು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ಎದುರಿನ ಬಟ್ಟೆ ಕಾರ್ಖಾನೆಯ ಹೆಂಗಸರು ಫೋನಿನಲ್ಲಿ ಕಷ್ಟಸುಖ ಬರೆದುಕೊಳ್ಳುವ 'ಜಗಲಿ' ಎಂಬ ತಾಣವನ್ನು ನಡೆಸುತ್ತಿದ್ದವಳು ಅವಳೇ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಅದು. ಓದಿ ಓದಿ ತಾನೇ ಕಲಿತು ಈ ಡಬ್ಬದಲ್ಲಿ ಕೂರಿಸಿದ್ದಳು. ಅಂಗಡಿಗೆ ಇದ್ದದ್ದು ಒಂದೇ ಪ್ಲಗ್ಗು. ಚಿಕ್ಕಮ್ಮ ಇಸ್ತ್ರಿ ಹಾಕಿದಾಗಲೆಲ್ಲ ಜಗಲಿ ಮುಚ್ಚುತ್ತಿತ್ತು. "ಇಸ್ತ್ರಿ ಹೊತ್ತು ಕಣ್ರೇ, ಆಮೇಲೆ ಬರೀರಿ" ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು.

ನಿನ್ನೆ ಜಗಲಿಯಲ್ಲಿ ಒಂದು ಫೋಟೋ ಬಂದಿತ್ತು. ಕಾರ್ಖಾನೆಯ ಮೂರನೇ ಮಹಡಿಯ ಹಿಂದಿನ ಮೆಟ್ಟಿಲ ಬಾಗಿಲು, ಅದಕ್ಕೆ ಸರಪಳಿ, ಸರಪಳಿಗೆ ಬೀಗ. ಬೆಂಕಿ ಬಿದ್ದರೆ ಇಳಿಯಲು ಇರುವ ದಾರಿ ಅದೊಂದೇ. ಫೋಟೋ ತೆಗೆದವಳು ಗುಮ್ಮಿಯ ಅಮ್ಮ. ಅದು ಈ ಅಂಗಡಿಯ ಇಬ್ಬರಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಕಾರ್ಖಾನೆಯ ಮೇಲ್ವಿಚಾರಕ ಪ್ಯಾಂಟೊಂದನ್ನು ಹಿಡಿದು ಬಂದ.

"ಉದ್ದ ಕಮ್ಮಿ ಮಾಡ್ಬೇಕಾ ಸಾರ್?" ಚಿಕ್ಕಮ್ಮ ಕೇಳಿದಳು.

"ಉದ್ದ ಆಗಿರೋದು ಈ ಹುಡುಗಿ ಕೈ. ಆ ಫೋಟೋ ಜಗಲಿಯಿಂದ ತೆಗೀಬೇಕು. ಹಾಕಿದವರ ಹೆಸರೂ ಬೇಕು. ಹರಟೆಗೆ ಕಂಪನಿಯೇ ಆ್ಯಪ್ ಕೊಟ್ಟಿಲ್ವಾ?"

"ಅದ್ರಲ್ಲಿ ಶುಭೋದಯ ಬಿಟ್ಟು ಬೇರೇನು ಬರೆದ್ರೂ ಮಾಯ ಆಗುತ್ತಂತಲ್ಲ ಸಾರ್."

ಗುಮ್ಮಿ ಮೇಜಿನಡಿಯಿಂದ ಎದ್ದಳು. ಬ್ರಶ್ಶು ಕೈಯಲ್ಲೇ ಇತ್ತು. "ಹೆಸರು ಇಲ್ಲ ಸಾರ್. ಹೆಸರು ಬರೆದಿಡೋ ಭಾಗಾನ ಮೊದಲೇ ಕಿತ್ತುಹಾಕಿದೀನಿ. ಅನುಮಾನ ಇದ್ರೆ ಬಿಚ್ಚಿ ನೋಡಿ. ಫೋಟೋ ತೆಗೆಯಲ್ಲ."

"ಇಸ್ತ್ರಿ ಹೊತ್ತು ನಮಗೂ ಗೊತ್ತಮ್ಮ" ಎಂದು ಅವನು ಕಂಪ್ಯೂಟರಿನ ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆಯದನ್ನು ಸಿಕ್ಕಿಸಿದ. ಫ್ಯಾನಿನ ಸದ್ದು ಅಡಗಿತು. "ಇನ್ಮೇಲೆ ಇದು ಆರಬಾರದು, ಅಷ್ಟೇ."

ಖಾತ್ರಿಗಾಗಿ ಫೋನು ತೆಗೆದು ಜಗಲಿ ನೋಡಿದ. ಬೀಗದ ಫೋಟೋ ಅಲ್ಲೇ ಇತ್ತು. ಅದರಡಿಯಲ್ಲಿ ಈಗಷ್ಟೇ ಇನ್ನೊಂದು ಫೋಟೋ ಬಂದಿತ್ತು: ಎರಡನೇ ಮಹಡಿಯ ಬೀಗ.

"ಇಸ್ತ್ರಿ ಕಾಟ ತಾಳಲಾರದೆ ಹೋದ ವಾರ ಗುಂಡಿ ಅಂಗಡಿ ಅಕ್ಕನ ಕಂಪ್ಯೂಟರಲ್ಲಿ ಜಗಲೀದೊಂದು ನಕಲು ಹಾಕ್ದೆ" ಎಂದಳು ಗುಮ್ಮಿ. "ಝಿಪ್ ರಿಪೇರಿ ಅಣ್ಣನ ಹತ್ರ ಇನ್ನೊಂದು. ಒಂದ್ರಲ್ಲಿ ಬಂದದ್ದು ಎಲ್ಲದ್ರಲ್ಲೂ ಬರುತ್ತೆ, ಒಂದು ಆರಿದ್ರೂ ಉಳಿದವು ನಡೀತವೆ. ಅವರು ಯಾರ್ಯಾರಿಗೆ ಕೊಟ್ರೋ ನಾನು ಕೇಳಿಲ್ಲ."

ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿ ನಗು ನುಂಗಿದಳು.

ಅವನ ಮುಖ ಕೆಂಪೇರಿತು. "ನಿಮ್ಮಮ್ಮ ಮೂರನೇ ಮಹಡೀಲೇ ಅಲ್ವಾ ಹೊಲಿಯೋದು?"

ಚಿಕ್ಕಮ್ಮನ ನಗು ಅಲ್ಲೇ ನಿಂತಿತು. ಗುಮ್ಮಿ ಬ್ರಶ್ಶನ್ನು ಮೇಜಿನ ಮೇಲಿಟ್ಟಳು.

"ಹೌದು ಸಾರ್. ಆ ಬಾಗಿಲ ಪಕ್ಕದ ಮಿಷನ್ನೇ ಅಮ್ಮಂದು."

ಅವನು ಪ್ಯಾಂಟನ್ನು ಬಿಟ್ಟೇ ಹೊರಟ. ಗುಮ್ಮಿ ಇಸ್ತ್ರಿಯ ಪ್ಲಗ್ಗು ಕಿತ್ತು ಕಂಪ್ಯೂಟರಿನದನ್ನು ಸಿಕ್ಕಿಸಿ ಹೊಸ್ತಿಲಿಗೆ ಬಂದಳು. ಊಟದ ಬಿಡುವಿಗೆ ಇಳಿದ ಹೆಂಗಸರು ಗೇಟಿನ ಬಳಿ ನಿಂತಿದ್ದರು.

"ಸಾರ್" ಎಂದು ಅವರಿಗೆಲ್ಲ ಕೇಳುವಂತೆ ಕೂಗಿದಳು. ಅವನು ನಿಲ್ಲಲಿಲ್ಲ.

"ಆ ಬೀಗ ತೆಗೆಸಿ ಸಾರ್."