ವಾಸಿಯಾದ ಕೈ

ಬೆರಳುಗಳು ಬಿಚ್ಚಿಕೊಂಡವು. ಮೊದಲು ಕಿರುಬೆರಳು, ಆಮೇಲೆ ಉಳಿದವು.

ಮಂಚದ ಮೇಲೆ ಮಲಗಿದ್ದ ಆರ್ನ್‌ಫಿನ್ ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತು ಎಂಬಂತೆ ಎತ್ತಿ ನೋಡಿದ. ಅವನ ತಲೆಯ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರ್ ಐಲೀವ್ ಬರೆಯುವುದನ್ನು ನಿಲ್ಲಿಸಿದ.

"ಡಾಕ್ಟ್ರೇ, ನೋಡಿ ಇಲ್ಲಿ. ಮಡಚತ್ತೆ, ಬಿಚ್ಚತ್ತೆ!"

"ನೋಡ್ತಿದೀನಿ."

ಎರಡು ತಿಂಗಳಿಂದ ಆ ಕೈ ಮುಷ್ಟಿ ಕಟ್ಟಿಕೊಂಡೇ ಇತ್ತು. ಆರ್ನ್‌ಫಿನ್ ನಾರ್ವೆಯ ರಾಜಧಾನಿ ಓಸ್ಲೋದ ಕಚೇರಿಯೊಂದರಲ್ಲಿ ಟೈಪಿಸ್ಟ್. ಜರ್ಮನರು ಊರು ಹಿಡಿದ ವರ್ಷವೇ ಇಲ್ಲಿನ ನಾಜಿ ಪಕ್ಷ ಸೇರಿದವನು. ನರವೈದ್ಯರು ಸೂಜಿ ಚುಚ್ಚಿ ನೋಡಿ, ನರ ಸರಿಯಾಗಿದೆ, ಮನಸ್ಸಿನ ಡಾಕ್ಟರ ಹತ್ತಿರ ಹೋಗು ಎಂದಿದ್ದರು.

ಐಲೀವ್ ಅವನನ್ನು ಒಪ್ಪಿಕೊಂಡದ್ದು ಕರುಣೆಯಿಂದಲ್ಲ. ನಾಜಿಯೊಬ್ಬನ ಮನಸ್ಸು ತಾನಾಗಿಯೇ ಬಂದು ವಾರಕ್ಕೆ ನಾಲ್ಕು ದಿನ ಮಂಚದ ಮೇಲೆ ಮಲಗುತ್ತದೆ, ಬಿಡುವುದುಂಟೆ? ಅಂಥ ಮನಸ್ಸಿನ ಬಗ್ಗೆ ಐಲೀವ್ ಗುಟ್ಟಾಗಿ ಪುಸ್ತಕ ಬರೆಯುತ್ತಿದ್ದ. ಯುದ್ಧ ಮುಗಿದ ಮೇಲೆ ಇಂಥವರನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದಾಗ ಅದು ಬೇಕಾಗುತ್ತದೆ ಎಂದು ನಂಬಿದ್ದ. ನಂಬಿದ್ದೇನೆ ಎಂದುಕೊಂಡಿದ್ದ.

ಈ ಬೆಳಿಗ್ಗೆ ಆರ್ನ್‌ಫಿನ್ ಕೊನೆಗೂ ಬಾಯಿಬಿಟ್ಟಿದ್ದ. ಅಪ್ಪ ಶಾಲಾ ಮೇಷ್ಟ್ರು. ತರಗತಿಯಲ್ಲಿ ಮಾತಾಡಿದವರ ಹೆಸರು ಬರೆಯುವ ಕೆಲಸ ಮಗನಿಗೆ. ಒಂದು ದಿನ ಹೆಸರೇ ಇಲ್ಲದಿದ್ದಾಗ, ಅಪ್ಪನಿಗೆ ಹೆದರಿ ಗೆಳೆಯನ ಹೆಸರು ಬರೆದ. ಗೆಳೆಯ ಬೆತ್ತದೇಟು ತಿಂದ. ಮತ್ತೆಂದೂ ಇವನ ಜೊತೆ ಮಾತಾಡಲಿಲ್ಲ.

ಐಲೀವ್ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ್ದ. "ಅದು ಮಗುವಿನ ಭಯ. ಅದಕ್ಕೆ ಇಷ್ಟು ವರ್ಷ ಆದ್ಮೇಲೆ ಕೈಗೆ ಶಿಕ್ಷೆ ಕೊಡೋದು ಬೇಡ."

ಆರ್ನ್‌ಫಿನ್ ಅತ್ತ. ಕೈ ಬಿಚ್ಚಿತು.

ಈಗ ಅವನು ಕೋಟಿನ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಿದ್ದ.

"ಇವತ್ತೇ ಕೂತ್ಕೋತೀನಿ ಡಾಕ್ಟ್ರೇ. ಕೆಲಸ ರಾಶಿ ಬಿದ್ದಿದೆ. ಎಡಗೈಲಿ ಕುಟ್ಟಿ ಕುಟ್ಟಿ ಸಾಕಾಗಿತ್ತು. ಆಫೀಸಲ್ಲಿ ಎಲ್ಲಾ ನಗ್ತಿದ್ರು."

"ಏನು ಕೆಲಸ?"

"ಹೆಸರು, ವಿಳಾಸ. ಹೋದ ತಿಂಗಳು ಯಹೂದಿ ಗಂಡಸರನ್ನ ಕರ್ಕೊಂಡು ಹೋದ್ರಲ್ಲ, ಈಗ ಹೆಂಗಸರು, ಮಕ್ಕಳು. ನಾಳೆ ಬೆಳಿಗ್ಗೆ ಪೊಲೀಸರು ಹಿಡಿಯೋಕೆ ಹೊರಡ್ತಾರೆ. ಸಂಜೆಯೊಳಗೆ ಪಟ್ಟಿ ಕೊಡ್ಬೇಕು."

ಐಲೀವ್ ಕಾದ. ರೋಗಿ ಮುಂದೆ ಮಾತಾಡಲಿ ಎಂದು ಕಾಯುವುದು ಇಪ್ಪತ್ತು ವರ್ಷಗಳ ಅಭ್ಯಾಸ.

"ನಿಮ್ಮ ಕಟ್ಟಡಾನೂ ಇದೆ," ಎಂದು ಆರ್ನ್‌ಫಿನ್ ನಕ್ಕ. "ಹೆದರ್ಬೇಡಿ. ನಿಮ್ಮದಲ್ಲ, ಮೇಲಿನ ಮಹಡಿ."

"ಸಮಯ ಆಯ್ತು," ಎಂದ ಐಲೀವ್.

ಆರ್ನ್‌ಫಿನ್ ಕೈ ಕುಲುಕಿದ. ಬೆಚ್ಚಗಿತ್ತು. ಹಿಡಿತ ಚೆನ್ನಾಗಿತ್ತು.

ಐಲೀವ್ ಮೇಜಿಗೆ ಕೂತು ಟಿಪ್ಪಣಿ ಬರೆದ: 'ಆ ಮನುಷ್ಯನಲ್ಲಿ ಒಲ್ಲೆ ಎಂದದ್ದು ಆ ಕೈ ಒಂದೇ. ಅದನ್ನು ನಾನು ವಾಸಿಮಾಡಿದೆ.' ಎರಡು ಸಲ ಓದಿದ. ವಾಕ್ಯ ಚೆನ್ನಾಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಮೇಲಿನ ಮಹಡಿಯಲ್ಲಿ ಹೆನ್ನಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಾಗಿಲು ತೆಗೆದಳು. ಬಟ್ಟೆ ಹೊಲಿದು ಬದುಕುವವಳು. ಹೋದ ತಿಂಗಳು ಒಯ್ದ ಗಂಡಸರಲ್ಲಿ ಅವಳ ಗಂಡನೂ ಇದ್ದ.

"ಸುದ್ದಿ ಏನಾದ್ರೂ ಇದೆಯಾ ಡಾಕ್ಟ್ರೇ?"

"ಇಲ್ಲ. ಹಳ್ಳಿ ಕಡೆ ನಿಮಗೆ ಪರಿಚಯದೋರು ಯಾರಾದ್ರೂ ಇದಾರಾ?"

"ಯಾಕೆ?"

"ಮಗು ಕೆಮ್ಮೋದು ಕೆಳಗೆ ಕೇಳ್ಸತ್ತೆ. ಹವಾ ಬದಲಾದ್ರೆ..."

"ನವೆಂಬರಲ್ಲಾ?" ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅವನ ಮುಖ ನೋಡಿದಳು. "ಏನೋ ಹೇಳೋಕೆ ಬಂದಿದೀರಿ."

ರೋಗಿ ಹೇಳಿದ್ದು ಕೋಣೆ ದಾಟಬಾರದು. ಇವರು ಓಡಿಹೋದರೆ ಮಾತು ಎಲ್ಲಿಂದ ಹೊರಬಿತ್ತೆಂದು ಹುಡುಕುತ್ತಾರೆ. ಆರ್ನ್‌ಫಿನ್, ತಾನು, ಹೆಂಡತಿ, ಎಲ್ಲರೂ ಸಿಕ್ಕಿಬೀಳುತ್ತಾರೆ. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಅಪರಿಚಿತನೊಬ್ಬನ ಕಡತ ಓದಿದಂತೆ ಅವನ್ನು ಓದಿಕೊಂಡ.

"ಸ್ವಲ್ಪ ಉಪ್ಪು ಬೇಕಿತ್ತು," ಎಂದ.

ಅವಳು ಒಳಗೆ ಹೋದಾಗ ಮಗಳು ರೂತ್ ಬಂದು ಬಾಯಿ ಅಗಲಿಸಿದಳು. "ಡಾಕ್ಟರ್ ಮಾಮ, ನನ್ನ ಹಲ್ಲು ಬಿತ್ತು!"

"ಹೊಸದು ಬರತ್ತೆ," ಎಂದ ಐಲೀವ್. ಮಾತು ಬಾಯಿಂದ ತಾನೇ ಹೊರಬಿತ್ತು.

ಕೆಳಗೆ ಹೆಂಡತಿ ಬೋರ್ಗಿಲ್ ಅವನ ಕೈಯಲ್ಲಿದ್ದ ಉಪ್ಪಿನ ಬಟ್ಟಲು ನೋಡಿದಳು. "ಉಪ್ಪು ಯಾಕ್ರೀ? ಮನೇಲಿ ಬೇಕಾದಷ್ಟಿದೆ."

"ಸುಮ್ನೆ ಮೇಲೆ ಹೋಗಿದ್ದೆ."

"ಹೆನ್ನಿ ಹೇಗಿದಾಳೆ?"

"ಮಗೂಗೆ ಕೆಮ್ಮು."

ಹೇಳಿದರೆ ಬೋರ್ಗಿಲ್ ಒಂದು ಕ್ಷಣವೂ ಯೋಚಿಸದೆ ಮಹಡಿ ಹತ್ತುತ್ತಾಳೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸುಮ್ಮನಿದ್ದನೋ ಏನೋ.

"ಮೂಲೆ ಅಂಗಡೀಗೆ ಮೀನು ಬಂದಿದೆಯಂತೆ. ಹೋಗಿ ಸಾಲಲ್ಲಿ ನಿಲ್ತೀರಾ?"

"ನಿಲ್ತೀನಿ," ಎಂದ ತಕ್ಷಣ. ಬಂದ ಮೇಲೆ ಹೇಳಿದರಾಯಿತು.

ಮೂರು ಗಂಟೆಗೇ ಮಬ್ಬು ಕವಿಯುತ್ತಿತ್ತು. ಸಾಲು ಬೀದಿಯ ತಿರುವು ದಾಟಿತ್ತು. ಐಲೀವ್ ಕೊನೆಯಲ್ಲಿ ನಿಂತ. ಅರ್ಧ ಗಂಟೆಯಾದ ಮೇಲೆ ಮುಂದಿನಿಂದ ಮಾತು ಬಂತು: ಮೀನು ಖಾಲಿ. ಅಂಗಡಿಯವನು ಬಾಗಿಲು ಎಳೆದುಕೊಂಡ ಸದ್ದು ಇಲ್ಲಿಯವರೆಗೂ ಕೇಳಿಸಿತು. ಸಾಲು ಕದಲಲಿಲ್ಲ.

ಹಿಂದೆ ಬಂದು ನಿಂತಿದ್ದ ಮುದುಕಿ ಕೇಳಿದಳು, "ಬಾಗಿಲು ಹಾಕಿದ್ರಲ್ವಾ?"

"ಹೌದು."

"ಮತ್ತೆ ಯಾಕಪ್ಪಾ ನಿಂತಿದೀರಿ?"

"ಮುಂದಿನೋರು ನಿಂತಿದಾರೆ."

ಅವಳಿಗೆ ಅದು ಸರಿ ಅನ್ನಿಸಿರಬೇಕು. ಬುಟ್ಟಿಯನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ನಿಂತಳು.

ಕತ್ತಲಲ್ಲಿ, ಎಲ್ಲೋ ಮುಂದೆ, ಯಾರೋ ಒಬ್ಬರು ಬೇಸತ್ತು ಹೊರಟುಹೋದರು. ಸಾಲು ಜರುಗಿತು. ಐಲೀವ್ ಒಂದು ಹೆಜ್ಜೆ ಮುಂದಿಟ್ಟ.