ಹುಲ್ಲುಹಾಸಿಗೆ ಒಪ್ಪದ ಕಾರು

ಹುಲ್ಲುಹಾಸಿನ ಮೇಲೆ ನಾಲ್ಕು ಸಿಮೆಂಟ್ ಕಂಬ ಏಳುವುದೊಂದೇ ಬಾಕಿ. ಅವುಗಳ ಮೇಲೆ ಬೆಳ್ಳಮ್ಮನ ಹಳೆಯ ಮಾರಿಸ್ ಮೈನರ್ ಕಾರನ್ನು ಕೂರಿಸಿ, ಇಂಜಿನ್ ಕಿತ್ತು, ಬಾನೆಟ್ಟಿನೊಳಗೆ ಹೂವಿನ ಗಿಡ ನೆಡಬೇಕೆಂದು ಅವಳ ಮೈದುನ ಮನು ತೀರ್ಮಾನಿಸಿದ್ದ. ಹೋಮ್‌ಸ್ಟೇಗೆ ಬರುವವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು. ಮೇಸ್ತ್ರಿ ಬೆಳಿಗ್ಗೆಯೇ ಬಂದು ಮರಳು ಜರಡಿ ಹಿಡಿಯುತ್ತಿದ್ದ.

"ಏರು ಹತ್ತದ ಗಾಡಿ ಇಟ್ಕೊಂಡು ಏನ್ ಮಾಡ್ತೀರ ಅತ್ತಿಗೆ? ಹೋದ ವಾರ ಜೀಪಿಗೆ ಕಟ್ಟಿ ಎಳ್ಕೊಂಡು ಬಂದದ್ದು ಮರೆತೋಯ್ತಾ?" ಎಂದ ಮನು.

"ಮರೆತಿಲ್ಲ. ಹಗ್ಗ ಕಟ್ಟಿದವಳು ನಾನೇ."

ಕಾರು ತವರಿನಿಂದ ಅವಳ ಜೊತೆಗೇ ಬಂದದ್ದು. ಬ್ಯಾಂಕಿಗೆ, ಮದುವೆ ಮನೆಗೆ, ಹಂದಿಮಾಂಸ ತರಲು, ಸುಮ್ಮನೆ ಅಕ್ಕನ ಮನೆಗೆ, ಎಲ್ಲದಕ್ಕೂ ಅದೇ. ಜೀಪಿನ ಕೀ ಇರುತ್ತಿದ್ದದ್ದು ಮನುವಿನ ಜೇಬಿನಲ್ಲಿ. ಅದು ಬೇಕೆಂದರೆ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದೆಲ್ಲ ಒಪ್ಪಿಸಬೇಕು. ಗಂಡ ಚಿನ್ನಪ್ಪ ಯಾವ ಕಡೆಗೂ ಸೇರದೆ ಕಣದಲ್ಲಿ ಕಾಫಿ ಹರಡುತ್ತ ನಿಂತಿದ್ದ.

ಹುದಿಕೇರಿಯಿಂದ ಮೆಕ್ಯಾನಿಕ್ ಲೋಕೇಶ್ ಬೈಕಿನಲ್ಲಿ ಬಂದ. ಅವನ ಚೀಲದಲ್ಲಿ ಟ್ಯೂನಿಂಗ್ ಮಾಡುವ ಮೀಟರು, ಮುಳ್ಳಿರುವ ತಗಡಿನ ಡಬ್ಬಿ. ಸ್ಪಾರ್ಕ್ ಕೊಡುವ ಪಾಯಿಂಟಿನ ಸಂದು ಸರಿಯಿದೆಯೋ ಇಲ್ಲವೋ ಎಂದು ಆ ಮುಳ್ಳು ತೋರಿಸುತ್ತದೆ. ಇಂಜಿನ್ ಕೆಮ್ಮುತ್ತ ಓಡುತ್ತಿದ್ದಾಗಲೇ ಅವನು ಎಂದಿನಂತೆ ಮೀಟರಿನ ಕಪ್ಪು ಕ್ಲಿಪ್ಪನ್ನು ಗಾಡಿಯ ಮೈಗೂ ಕೆಂಪನ್ನು ಸ್ಪಾರ್ಕಿಗೆ ಕರೆಂಟು ಒದಗಿಸುವ ಕಾಯಿಲ್ಲಿಗೂ ಸಿಕ್ಕಿಸಿದ. ಮುಳ್ಳು ಸೊನ್ನೆಯಿಂದಲೂ ಹಿಂದಕ್ಕೆ ಸರಿದು ಅಂಚಿಗೆ ಒತ್ತಿ ನಿಂತಿತು.

"ಮೀಟರೇ ಹೆದರ್ಕೊಂಡ್ತು," ಎಂದು ಮನು ನಕ್ಕ.

ಲೋಕೇಶ್ ಬ್ಯಾಟರಿಯ ಕಡೆ ಬಗ್ಗಿದ. "ಅಕ್ಕಾ, ಇದ್ರ ಅರ್ಥಿಂಗ್ ಪ್ಲಸ್ಸಲ್ಲಿದೆಯಲ್ಲ, ಬ್ಯಾಟರಿಯ ಪ್ಲಸ್ ವೈರನ್ನೇ ಗಾಡಿಯ ಮೈಗೆ ಕಟ್ಟಿದ್ದಾರೆ. ಈಗಿನ ಗಾಡೀಲೆಲ್ಲ ಮೈನಸ್ಸು."

"ಹುಟ್ಟಿದಾಗಿಂದ ಹಾಗೇ ಅದು."

"ಬ್ಯಾಟರಿ ತಿರುಗಿಸಿ ಕೂರಿಸಿ ಡೈನಮೊ ಒಂದು ಸರಿ ಮಾಡಿದ್ರೆ, ಆಮೇಲೆ ಯಾರು ಯಾವ ಮೀಟರ್ ಇಟ್ರೂ ನಡೀತದೆ."

"ಒಂದು ಡಬ್ಬಿಗೋಸ್ಕರ ಗಾಡೀನೇ ತಿರುಗಿಸ್ತೀಯಾ? ಡಬ್ಬಿಯ ವೈರ್ ತಿರುಗಿಸು."

"ಆಗ್ತದೆ ಅಂತಾರೆ. ನಾನು ಮಾಡಿ ನೋಡಿಲ್ಲ. ಸುಟ್ಟೋದ್ರೆ?"

"ನನ್ನ ತಲೆ ಮೇಲಿರಲಿ. ತಿರುಗಿಸು."

ಅವನು ಕೆಂಪನ್ನು ಗಾಡಿಯ ಮೈಗೆ, ಕಪ್ಪನ್ನು ಕಾಯಿಲ್ಲಿಗೆ ಹಾಕಿದ. ಮುಳ್ಳು ಎದ್ದು ಮುಂದಕ್ಕೆ ಬಂತು. ಅಳತೆ ಓದಿಕೊಂಡು, ಡಬ್ಬಿಯನ್ನು ಬಣ್ಣ ಉದುರಿದ ಮಡ್ಗಾರ್ಡಿನ ಮೇಲಿಟ್ಟು ಸ್ಕ್ರೂಡ್ರೈವರ್ ಹುಡುಕಲು ತಿರುಗಿದ. ಇಂಜಿನ್ ತಟ್ಟನೆ ನಿಂತುಹೋಯಿತು. ಬೆಳ್ಳಮ್ಮ ಕ್ರ್ಯಾಂಕ್ ಹ್ಯಾಂಡಲ್ ಹಾಕಿ ಮೈಮುರಿದು ತಿರುಗಿಸಿದಳು. ಒಂದು ಕೆಮ್ಮೂ ಬರಲಿಲ್ಲ.

"ಮುಗೀತು. ಮೇಸ್ತ್ರೀ, ಕಾಂಕ್ರೀಟ್ ಕಲಸಿ," ಎಂದ ಮನು. ಮೇಸ್ತ್ರಿ ಸಿಮೆಂಟ್ ಚೀಲ ಸುರಿದು ನೀರು ಬಿಟ್ಟ. ಲೋಕೇಶ್ ತಲೆ ತಗ್ಗಿಸಿ ಕ್ಲಿಪ್ಪಿಗೆ ಕೈ ಹಾಕಿದ.

"ತೆಗೀಬೇಡ," ಎಂದಳು ಬೆಳ್ಳಮ್ಮ. ನಿಲ್ಲುವ ಮೊದಲು ಆದದ್ದನ್ನೆಲ್ಲ ಅವಳು ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದಳು. "ನಿನ್ನ ಕೈಯಲ್ಲಿದ್ದಾಗ ಓಡ್ತಿತ್ತು. ಕೆಳಗಿಟ್ಟಾಗ ನಿಂತೋಯ್ತು. ಡಬ್ಬಿಯ ತಳ ನೋಡು, ಬಣ್ಣವೇ ಇಲ್ಲ, ಬರೀ ತಗಡು."

ಲೋಕೇಶ್ ಡಬ್ಬಿ ಎತ್ತಿ ನೋಡಿ ಹಣೆ ಚಚ್ಚಿಕೊಂಡ. "ಇದ್ರ ತಗಡೂ ಕಪ್ಪು ವೈರೂ ಒಂದೇ ಅಕ್ಕ. ಬೇರೆ ಗಾಡೀಲಿ ಕಪ್ಪು ಇರೋದೇ ಗಾಡಿಯ ಮೈ ಮೇಲೆ, ಎಲ್ಲಿಟ್ರೂ ತೊಂದ್ರೆ ಇಲ್ಲ. ಇಲ್ಲಿ ಕಪ್ಪು ಕಾಯಿಲ್ಲಲ್ಲಿದೆ. ಮಡ್ಗಾರ್ಡಿಗೆ ತಾಗಿದ್ದೇ ತಡ, ಸ್ಪಾರ್ಕ್ ಸತ್ತೋಯ್ತು."

ಅವಳು ಒಣಗಿದ ಗೋಣಿಚೀಲವೊಂದನ್ನು ತಂದು ಮಡಚಿ ಮಡ್ಗಾರ್ಡಿನ ಮೇಲೆ ಹಾಸಿದಳು. ಡಬ್ಬಿ ಅದರ ಮೇಲೆ ಕೂತಿತು. ಈ ಸಲ ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಹಿಡಿಯಿತು. ಪಾಯಿಂಟು ಸವೆದು ಸಂದು ತೀರಾ ಕಿರಿದಾಗಿತ್ತು. ಲೋಕೇಶ್ ಇಂಜಿನ್ ನಿಲ್ಲಿಸಿ ಸಂದು ಅಗಲಿಸಿದ, ಓಡಿಸಿ ಅಳೆದ, ಮತ್ತೆ ನಿಲ್ಲಿಸಿದ. ಕೊನೆಗೆ ಮುಳ್ಳು ಇರಬೇಕಾದಲ್ಲಿ ನಿಂತಿತು. ಕೆಮ್ಮು ಪೂರಾ ಹೋಗಲಿಲ್ಲ, ಆದರೆ ಇಂಜಿನ್ನಿನ ದನಿ ಒಂದೇ ಸಮ ಆಯಿತು.

"ಕಾಂಕ್ರೀಟ್ ಕಲಸಿ ಆಗಿದೆ ಅತ್ತಿಗೆ, ಗಟ್ಟಿಯಾಗ್ತದೆ," ಎಂದ ಮನು.

"ಹಂದಿಗೂಡಿನ ನೆಲ ಒಡೆದಿದೆ. ಅಲ್ಲಿಗೆ ಹಾಕಿಸು."

"ಏರಲ್ಲಿ ನಿಂತ್ರೆ ನಾನೇ ತಾನೇ ಜೀಪ್ ತರಬೇಕು?"

"ನಿಂತ್ರೆ ಅಲ್ಲೇ ರಿಪೇರಿ ಮಾಡ್ಕೊಂಡು ಮುಂದಕ್ಕೆ ಹೋಗ್ತೀನಿ. ಹಿಂದಕ್ಕೆ ಎಳೆಯೋಕೆ ನೀನು ಬರಬೇಡ. ಲೋಕೇಶ್, ಹತ್ತು."

ಏರಿನ ನಡುವೆ ಇಂಜಿನ್ ಒಮ್ಮೆ ಎಡವಿತು. ಅವಳು ಎರಡನೇ ಗೇರಿಗೆ ಇಳಿಸಿದಳು. ಹಿಂದೆ ಪ್ರವಾಸಿಗರ ಕಾರೊಂದು ಬಿಡದೆ ಹಾರ್ನ್ ಹೊಡೆಯಿತು. ದಾರಿ ಬಿಡಲು ಬದಿಗೆ ಸರಿದರೆ ವೇಗ ಸಾಯುತ್ತದೆಂದು ಗೊತ್ತಿದ್ದ ಅವಳು ರಸ್ತೆಯ ನಡುವನ್ನೇ ಹಿಡಿದು ನಿಧಾನವಾಗಿ ನೆತ್ತಿ ತಲುಪಿದಳು.

"ಹತ್ತಿತಲ್ಲ, ಇನ್ನು ತಿರುಗ್ಸಿ ಅಕ್ಕ. ನನ್ನ ಬೈಕು ನಿಮ್ಮ ಅಂಗಳದಲ್ಲಿದೆ."

"ಇರಲಿ. ಯಾರೂ ತಿನ್ನಲ್ಲ."

"ಈಗ ಎಲ್ಲಿಗೆ ಹೋಗೋದು?"

ಬೆಳ್ಳಮ್ಮ ಮೂರನೇ ಗೇರ್ ಹಾಕಿದಳು.